ಮುಂದಿನ ಸೀಟಿನ ಹಿಂದಿನ ಜಾಗ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರನೊಬ್ಬ ಐದು ತಿಂಗಳು ನಮ್ಮ ಮನೆಯಲ್ಲಿದ್ದ ಎಂದರೆ ಮೈಸೂರಿನ ನನ್ನ ನೆಂಟರು ಇವತ್ತಿಗೂ ಪೂರ್ತಿ ನಂಬುವುದಿಲ್ಲ. ಸಾಕ್ಷಿಗೆ ಫೋಟೋ ಕಳಿಸಿದ್ದೆ. ಸಿಡ್ನಿಯ ಕೆಲ್ಲಿವಿಲ್‌ನ ನಮ್ಮ ಮನೆಯ ಮುಂದೆ ಅವನು, ಪಕ್ಕದಲ್ಲಿ ನಾನು. ಅದನ್ನು ನೋಡಿ ನಮ್ಮ ಚಿಕ್ಕಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಎಲ್ಲ ಸರಿ, ನೀನ್ಯಾಕೋ ಕೂತ್ಕೊಂಡಿದೀಯ?"

ನಾನು ನಿಂತಿದ್ದೆ.

ನಾನು ಚಿಂತೆ ಮಾಡುವ ಮನುಷ್ಯ. ಪ್ಯಾರಮಟ್ಟಾದ ಒಂದು ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ. ಅಂದರೆ ಬೇರೆಯವರು ಕಟ್ಟಿದ್ದು ಎಲ್ಲೆಲ್ಲಿ ಮುರಿಯಬಹುದು ಎಂದು ಮೊದಲೇ ಊಹಿಸುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಮನೆಯಲ್ಲಿ ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತೇನೆ. ಗ್ಯಾಸ್ ಆಫ್ ಮಾಡಿದೆವೋ ಇಲ್ಲವೋ ಎಂದು ನೋಡಲು ಅರ್ಧ ದಾರಿಯಿಂದ ಕಾರು ತಿರುಗಿಸಿಕೊಂಡು ಬಂದವನು ನಾನು. ನಮ್ಮದು ಕರೆಂಟ್ ಒಲೆ ಎಂಬುದು ಮನೆ ಬಾಗಿಲಿಗೆ ಬಂದಮೇಲೆ ನೆನಪಾಯಿತು. ಇಷ್ಟೆಲ್ಲ ಮುಂದಾಲೋಚನೆ ಇರುವವನಿಂದ ಯಾರಿಗೂ ಕೆಡುಕಾಗುವುದಿಲ್ಲ ಎಂದು ಐವತ್ತು ವರ್ಷ ನಂಬಿಕೊಂಡಿದ್ದೆ.

ಅವನು ನಮ್ಮ ಮನೆಗೆ ಬಂದದ್ದು ಮಗಳಿಂದಾಗಿ. ಅವಳು ಆಡುವ ಕ್ಲಬ್ಬಿನಲ್ಲಿ ಮಕ್ಕಳ ತಂಡಗಳ ಜೊತೆಗೆ ದೊಡ್ಡವರ ತಂಡವೊಂದಿದೆ. ಇಲ್ಲಿಯ ಚಳಿಗಾಲದಲ್ಲಿ, ಏಪ್ರಿಲ್‌ನಿಂದ ಆಗಸ್ಟ್ ತನಕ, ನಡೆಯುವ ಎರಡನೇ ದರ್ಜೆಯ ಲೀಗಿನಲ್ಲಿ ಅದು ಆಡುತ್ತದೆ. ಆ ತಂಡದಲ್ಲಿ ಹೊರದೇಶದವರಿಗೆ ಒಂದೆರಡೇ ಜಾಗ. ಆ ಜಾಗಕ್ಕೆ ಕರೆಸಿಕೊಳ್ಳುವ ಆಟಗಾರನನ್ನು ಎಲ್ಲರೂ ಇಂಪೋರ್ಟ್ ಅನ್ನುತ್ತಾರೆ, ನಮ್ಮ ಅಂಗಡಿಯವನು ಅಲ್ಫಾನ್ಸೊ ಮಾವಿನ ಡಬ್ಬಕ್ಕೆ ಅನ್ನುವ ಹಾಗೆ. ಇಂಪೋರ್ಟ್ ಬಂದರೆ ಅವನಿಗೆ ಉಳಿಯಲು ಯಾವುದಾದರೂ ಕುಟುಂಬ ಒಂದು ರೂಮು ಕೊಡಬೇಕು. ಅವನು ಸಂಜೆ ಹೊತ್ತು ಮಕ್ಕಳಿಗೆ ಕೋಚಿಂಗ್ ಮಾಡುತ್ತಾನೆ. ಆ ವರ್ಷ ಮಾರ್ಚ್‌ನಲ್ಲಿ ಕ್ಲಬ್ಬಿನಿಂದ ಎಲ್ಲ ಪೋಷಕರಿಗೂ ಮೆಸೇಜ್ ಬಂತು. ನಾನು ನೋಡಿ ಮುಚ್ಚಿಟ್ಟೆ. ಹೆಂಡತಿ ನೋಡಿ ಆಗಲೇ ಒಪ್ಪಿಕೊಂಡಿದ್ದಳು. ಅವಳದು ಚೈಲ್ಡ್‌ಕೇರ್‌ನಲ್ಲಿ ಕೆಲಸ. ಅಳುವ ಯಾರನ್ನಾದರೂ ಐದು ನಿಮಿಷದಲ್ಲಿ ಊಟಕ್ಕೆ ಕೂರಿಸಬಲ್ಲೆ ಎಂಬ ಧೈರ್ಯ ಅವಳಿಗಿದೆ.

"ರೀ, ರೂಮು ಖಾಲಿ ಬಿದ್ದಿದೆ. ಒಗೆದ ಬಟ್ಟೆ ಗುಡ್ಡೆ ಹಾಕೋಕೆ ಒಂದು ಬೆಡ್‌ರೂಮಾ?" ಎಂದಳು.

"ಅವನು ಏನು ತಿಂತಾನೋ ಏನೋ."

"ಕೇಳಿದ್ರೆ ಹೇಳ್ತಾನೆ."

"ಬಾತ್‌ರೂಮಲ್ಲಿ ಜಾರಿ ಬಿದ್ದರೆ? ನಮ್ಮ ಇನ್ಶೂರೆನ್ಸು ಅದಕ್ಕೆಲ್ಲ ಬರಲ್ಲ."

"ನೀವು ದಿನಾ ಸೋಫಾ ಮೇಲೆ ಬೀಳ್ತೀರಲ್ಲ, ಹಂಗೇ ಬೀಳ್ತಾನೆ ಬಿಡಿ."

ಹದಿನೈದರ ಮಗಳು ನಮ್ಮ ಕನ್ನಡವನ್ನೆಲ್ಲ ಕೇಳಿಸಿಕೊಂಡು ಎಂದಿನಂತೆ ಇಂಗ್ಲಿಷಿನಲ್ಲಿ ತೀರ್ಪು ಕೊಟ್ಟಳು: "ಡ್ಯಾಡ್, ಹಿ ಈಸ್ ಅ ಪ್ರೊಫೆಷನಲ್ ಅಥ್ಲೀಟ್. ಹಿ ವೋಂಟ್ ಸ್ಲಿಪ್."

ಏಪ್ರಿಲ್ ಮೊದಲ ವಾರ ಅವನು ಎರಡು ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ. ಆರಡಿ ಎಂಟಿಂಚು, ಮೂವತ್ತಮೂರು ವರ್ಷ, ಅಮೆರಿಕದ ದಕ್ಷಿಣದ ಯಾವುದೋ ಸಣ್ಣ ಊರಿನವನು. ನನಗೆ ಕೈ ಕೊಟ್ಟು "ಸರ್" ಎಂದ. ಹೆಂಡತಿಗೆ "ಮ್ಯಾಮ್" ಎಂದ. ಈ ದೇಶದಲ್ಲಿ ನಾನು ನನ್ನ ಮ್ಯಾನೇಜರನ ಮ್ಯಾನೇಜರನ್ನೂ ಹೆಸರು ಹಿಡಿದೇ ಕರೆಯುವುದು. ಅವರೂ ನನ್ನನ್ನು ಹಾಗೇ, ಅರ್ಧ ಹೆಸರು ನುಂಗಿ ಕರೆಯುತ್ತಾರೆ. ಹದಿನಾರು ವರ್ಷದ ಮೇಲೆ ಒಬ್ಬರ ಬಾಯಲ್ಲಿ ಸರ್ ಕೇಳಿ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಆದರೂ ಅವನ ಹೆಗಲು ಮುಟ್ಟಲಿಲ್ಲ. ಅವನು ಅಕ್ಷರಗಳನ್ನು ಎಳೆದೆಳೆದು ಆಡುತ್ತಿದ್ದ ಇಂಗ್ಲಿಷನ್ನು ಇಲ್ಲಿ ನನ್ನ ಮೈಸೂರು ಕನ್ನಡಕ್ಕೆ ಇಳಿಸಿದ್ದೇನೆ. ಅವನೇನಾದರೂ ಓದಿದರೆ ತಾನು ಇಷ್ಟು ವೇಗವಾಗಿ ಮಾತಾಡುತ್ತೇನಾ ಎಂದು ಬೆರಗಾದಾನು.

ಅವನ ಕಥೆ ನನಗೆ ತಿಳಿದದ್ದು ತುಣುಕು ತುಣುಕಾಗಿ, ಊಟದ ಮೇಜಿನಲ್ಲಿ. ಕಾಲೇಜಿನಲ್ಲಿ ಚೆನ್ನಾಗಿ ಆಡಿದ್ದ. ಅಮೆರಿಕದ ದೊಡ್ಡ ಲೀಗು ಅವನನ್ನು ಆರಿಸಲಿಲ್ಲ. ಒಬ್ಬ ಏಜೆಂಟ್ ಫೋನ್ ಮಾಡಿ, ಫಿನ್‌ಲ್ಯಾಂಡಿಗೆ ಹೋಗ್ತೀಯಾ ಎಂದ. ಆಮೇಲೆ ಪೋಲೆಂಡ್, ಲೆಬನಾನ್, ಉರುಗ್ವೆ, ಫಿಲಿಪೈನ್ಸ್, ಮಧ್ಯೆ ನನಗೆ ನೆನಪುಳಿಯದ ಎರಡು ಮೂರು ದೇಶ. ಹನ್ನೊಂದು ವರ್ಷ. ಎಲ್ಲೂ ಒಂದು ಸೀಸನ್ನಿಗಿಂತ ಹೆಚ್ಚು ನಿಂತವನಲ್ಲ. ಒಂದೊಂದು ದೇಶಕ್ಕೆ ಅವನ ಬಳಿ ಒಂದೊಂದೇ ವಾಕ್ಯವಿತ್ತು. ಪೋಲಿಷ್ ಭಾಷೆಯಲ್ಲಿ ಅವನಿಗೆ ಬರುತ್ತಿದ್ದದ್ದು 'ಡಾಕ್ಟರು ಎಲ್ಲಿದ್ದಾರೆ' ಎಂಬುದು ಮಾತ್ರ. ಫಿಲಿಪೈನ್ಸಿನಲ್ಲಿ ತರಕಾರಿ ಮಾರುವವಳಿಗೂ ಅವನ ಹೆಸರು ಗೊತ್ತಿತ್ತು, ಎರಡು ತಿಂಗಳು. ಇನ್ನೊಂದು ಕಡೆ ಸತತ ಮೂರು ಪಂದ್ಯ ಸೋತ ಮಾರನೇ ದಿನ ಜಿಮ್ಮಿನ ಬಾಗಿಲಿಗೆ ಕಾರ್ಡ್ ತೋರಿಸಿದರೆ ಬಾಗಿಲು ತೆಗೆಯಲಿಲ್ಲವಂತೆ. ತನ್ನನ್ನು ತೆಗೆದಿದ್ದಾರೆ ಎಂದು ಹೇಳಿದ್ದು ಆ ಬಾಗಿಲೇ.

ನಾನೂ ಸುಮ್ಮನಿರದೆ ನನ್ನದನ್ನು ಹೇಳಿದೆ. ನಾನೂ ಇಂಪೋರ್ಟೇ ಕಣಪ್ಪಾ, ಕಂಪನಿಯೊಂದು ಕರೆಸಿಕೊಂಡದ್ದು, ಅವರು ಬಿಟ್ಟರೆ ದೇಶವನ್ನೂ ಬಿಡಬೇಕಿತ್ತು, ಪಿಆರ್, ಅಂದರೆ ಇಲ್ಲೇ ಖಾಯಂ ಇರುವ ಪರವಾನಗಿ, ಬರುವ ತನಕ ನಿದ್ದೆ ಇರಲಿಲ್ಲ. ಪಿಆರ್ ಬಂದಮೇಲೂ ಇಲ್ಲ ಎಂದು ಹೆಂಡತಿ ಮಧ್ಯೆ ಸೇರಿಸಿದಳು.

ಅವನು ಗಂಭೀರವಾಗಿ ಕೇಳಿದ: "ಎಷ್ಟು ಕಾಲಕ್ಕೆ ಸೈನ್ ಮಾಡಿಸ್ಕೊಂಡಿದ್ರು ಸರ್?"

"ನಾಲ್ಕು ವರ್ಷ."

"ನಾಲ್ಕು ವರ್ಷ," ಎಂದು ಅವನು ಮೆಲ್ಲಗೆ ಸಿಳ್ಳೆ ಹಾಕಿದ. ನಾನು ಹೋಲಿಕೆಯನ್ನು ಅಲ್ಲಿಗೇ ನಿಲ್ಲಿಸಿದೆ.

ಅವನದೊಂದು ಪದ್ಧತಿ ನಮಗೆ ಅರ್ಥವಾಗಲು ಸ್ವಲ್ಪ ದಿನ ಬೇಕಾಯಿತು. ಬಂದ ಮೊದಲ ವಾರ, ಇದಕ್ಕಿಂತ ಉದ್ದದ ಹೊದಿಕೆ ಇದೆಯೇ ಮ್ಯಾಮ್ ಎಂದು ಹೆಂಡತಿಯನ್ನು ಕೇಳಿದ್ದನಂತೆ. ಅವಳು ಹೂಂ ಎಂದು ಮರೆತಳು. ಹತ್ತು ದಿನದ ಮೇಲೆ ಮಗಳು ಬೆಳಿಗ್ಗೆ ಅವನನ್ನು ಎಬ್ಬಿಸಲು ಹೋದಾಗ ಅವನ ಪಾದಗಳಿಗೆ ಸ್ನಾನದ ಟವೆಲ್ ಸುತ್ತಿತ್ತು. ಹೆಂಡತಿಗೆ ಅಳುವೇ ಬಂತು. "ಯಾಕಪ್ಪಾ, ಇನ್ನೊಂದು ಸಲ ಕೇಳೋಕೇನಾಗಿತ್ತು?" ಎಂದು ಅವನಿಗೆ ಕನ್ನಡದಲ್ಲೇ ಬೈದಳು. ಅವನು ಅರ್ಥವಾದವನಂತೆ ನಕ್ಕ. ಆಮೇಲೆ ಗಮನಿಸಿದೆವು: ಉಪ್ಪಾಗಲಿ, ವೈಫೈ ಪಾಸ್‌ವರ್ಡ್ ಆಗಲಿ, ಅವನು ಏನನ್ನೂ ಎರಡನೇ ಸಲ ಕೇಳುತ್ತಿರಲಿಲ್ಲ.

ಮೇ ತಿಂಗಳ ಒಂದು ಸಂಜೆ ಅಡುಗೆಮನೆಗೆ ಹೋದರೆ ಅವನು ಬಲಗಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿ ಕೂತಿದ್ದ. ಮಂಡಿಯ ಆಚೆ ಈಚೆ ಐಸಿನ ಬದಲಿಗೆ ನಮ್ಮ ಫ್ರೀಜರಿನ ತೆಂಗಿನತುರಿಯ ಪ್ಯಾಕೆಟ್ಟುಗಳು. ಮಂಡಿ ಊದಿಕೊಂಡು ಸಣ್ಣ ಕುಂಬಳದಂತಿತ್ತು.

"ಫ್ರೋಜನ್ ಬಟಾಣಿ ಖಾಲಿಯಾಗಿತ್ತು ಸರ್," ಎಂದ, ಸಿಕ್ಕಿಬಿದ್ದ ಹುಡುಗನಂತೆ.

ಆಡುವಾಗ ಅಷ್ಟು ನೋವಿಲ್ಲವಂತೆ. ಮಡಿಸಿಕೊಂಡು ತುಂಬ ಹೊತ್ತು ಕೂತರೆ ಬಿಗಿದುಕೊಳ್ಳುತ್ತದೆ. ಮಾರನೇ ದಿನವೆಲ್ಲ ಸಡಿಲಾಗುವುದಿಲ್ಲ. ವಿಮಾನದಲ್ಲಿ ಬರುವಾಗ ಹಾಗಾಗಿ, ಇಳಿದ ಮೇಲೆ ಎರಡು ದಿನ ಓಡಲಾಗದೆ ಸುಸ್ತು ಎಂದು ಸುಳ್ಳು ಹೇಳಿದ್ದನಂತೆ. "ಕ್ಲಬ್ಬಿಗೆ ಗೊತ್ತಾಗೋದು ಬೇಡ ಸರ್. ಮಂಡಿ ಅಂದ್ರೆ ನಾಳೆ ಬೆಳಿಗ್ಗೆ ಇನ್ನೊಬ್ಬನಿಗೆ ಟಿಕೆಟ್ ಕಳಿಸ್ತಾರೆ."

ಚಿಂತೆ ಮಾಡುವವನ ಕೈಗೆ ಗುಟ್ಟು ಕೊಡುವುದೆಂದರೆ ಹಸುವಿನ ಮುಂದೆ ಹುಲ್ಲು ಹಾಕಿದ ಹಾಗೆ; ಹಗಲೆಲ್ಲ ತಿಂದು, ಮಲಗಿ ಮೆಲುಕು ಹಾಕುತ್ತೇನೆ. ಯಾರಿಗೂ ಹೇಳಲಿಲ್ಲ, ಹೆಂಡತಿಗೆ ಬಿಟ್ಟು. ಅವಳು ಎರಡು ಪ್ಯಾಕೆಟ್ಟುಗಳನ್ನು ಬೇರೆ ತೆಗೆದು, ಅವುಗಳ ಮೇಲೆ ಮಾರ್ಕರಿನಲ್ಲಿ ದಪ್ಪಗೆ 'ಮಂಡಿ' ಎಂದು ಬರೆದಳು, ಚಟ್ನಿಗೆ ಹೋಗದಿರಲಿ ಎಂದು. ನಾನು ಇದನ್ನೆಲ್ಲ ವಿವರವಾಗಿ ಹೇಳುತ್ತಿರುವುದು ಒಂದೇ ಕಾರಣಕ್ಕೆ. ಮಡಿಸಿ ಕೂತರೆ ಅವನ ಮಂಡಿ ಬಿಗಿಯುತ್ತದೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ದಾರಿ ನನಗಿಲ್ಲ.

ಆಗಸ್ಟ್ ಕೊನೆಗೆ ನಮ್ಮ ಕ್ಲಬ್ಬಿನ ಸೀಸನ್ ಮುಗಿಯಿತು. ಅವನು ಊರಿಗೆ ಹೋಗಲು ಎರಡು ವಾರವಿದ್ದಾಗ ಏಜೆಂಟಿನ ಫೋನ್ ಬಂತು. ಮೆಲ್ಬರ್ನಿನ ಒಂದು ದೊಡ್ಡ ತಂಡ, ಬೇಸಿಗೆಯಲ್ಲಿ ನಡೆಯುವ ಮೊದಲ ದರ್ಜೆಯ ಲೀಗಿನದು, ತನ್ನ ಇಂಪೋರ್ಟ್ ಒಬ್ಬನ ಕಾಲು ಮುರಿದು ಬದಲಿ ಹುಡುಕುತ್ತಿತ್ತು. ಗುರುವಾರ ಬೆಳಿಗ್ಗೆ ಹತ್ತಕ್ಕೆ ಬಂದು ಆಡಿ ತೋರಿಸು ಎಂದರು.

ಆ ಸಂಜೆ ಅವನು ನಮ್ಮ ಮೇಜಿನಲ್ಲಿ ಮೊದಲ ಸಲ ಒಂದಕ್ಕಿಂತ ಹೆಚ್ಚು ವಾಕ್ಯ ಮಾತಾಡಿದ. "ಇದಾದರೆ ಇನ್ನೊಂದೇ ವರ್ಷ ಆಡಿ ನಿಲ್ಲಿಸ್ತೀನಿ ಸರ್. ನಿಜವಾದ ಸ್ಟೇಡಿಯಮ್ಮಲ್ಲಿ, ಜನ ಇರೋ ಕಡೆ. ಇಲ್ಲದಿದ್ರೆ ನನ್ನ ಕೊನೇ ಪಂದ್ಯ ಹೋದ ಶನಿವಾರ ಆಗಿಹೋಯ್ತು ಅಂತ ಲೆಕ್ಕ." ಹೋದ ಶನಿವಾರದ ಪಂದ್ಯಕ್ಕೆ ನಾನೂ ಹೋಗಿದ್ದೆ. ಪೋಷಕರ ಸರದಿಯಂತೆ ಗಡಿಯಾರದ ಗುಂಡಿ ಒತ್ತುವ ಕೆಲಸ ನನ್ನದಿತ್ತು. ನೋಡಲು ನೂರು ಜನ ಇದ್ದಿರಬಹುದು; ಅರ್ಧ ಜನ ಹೊರಗೆ ಸಾಸೇಜ್ ಬೇಯಿಸುವ ಕಡೆ ನಿಂತಿದ್ದರು.

ಮೆಲ್ಬರ್ನಿನವರು ಬುಧವಾರ ಸಂಜೆಯ ಫ್ಲೈಟ್ ಬುಕ್ ಮಾಡುತ್ತೇವೆ ಎಂದಿದ್ದರು. ಒಂದೂವರೆ ಗಂಟೆಯ ದಾರಿ. ಇಲ್ಲಿ ನಾನು ಬಾಯಿ ಹಾಕಿದೆ.

"ಸೆಪ್ಟೆಂಬರ್‌ನಲ್ಲಿ ಸಿಡ್ನಿ ಏರ್‌ಪೋರ್ಟಿನಲ್ಲಿ ಗಾಳಿ ಜಾಸ್ತಿ. ಒಂದೇ ರನ್‌ವೇ ಇಟ್ಕೋತಾರೆ. ಫ್ಲೈಟ್ ಕ್ಯಾನ್ಸಲ್ ಆದ್ರೆ?"

"ಮಾರನೇ ಬೆಳಿಗ್ಗೆಯದಕ್ಕೆ ಹಾಕ್ತಾರೆ ಸರ್."

"ಬೆಳಿಗ್ಗೆ ಅಲ್ಲಿ ಮಂಜು ಮುಚ್ಚಿದ್ರೆ? ಇಂಥ ಚಾನ್ಸು, ರಿಸ್ಕ್ ಬೇಡ. ನಾನು ಮೂರು ದಿನ ರಜ ಹಾಕ್ತೀನಿ. ಬುಧವಾರ ಬೆಳಿಗ್ಗೆ ಕಾರಲ್ಲಿ ಹೊರಟ್ರೆ ಸಂಜೆಗೆ ಮೆಲ್ಬರ್ನಿನ ಕ್ಲೈಡ್ ನಾರ್ತ್‌ನಲ್ಲಿ ನನ್ನ ತಂಗಿ ಮನೆ. ಅವಳ ಮನೇಲಿ ಮಲಗಿ ಬೆಳಿಗ್ಗೆ ಹಾಯಾಗಿ ಹೋಗಬಹುದು."

ಅವನು ಒಂದು ಸಲ, "ಫ್ಲೈಟಾದ್ರೂ ನನಗೇನೂ ತೊಂದರೆ ಇಲ್ಲ ಸರ್" ಎಂದ. ಎರಡನೇ ಸಲ ಹೇಳಲಿಲ್ಲ.

ಈಗ ಗ್ರೈಂಡರಿನ ವಿಷಯ. ಅದಕ್ಕೂ ಎಂಟು ತಿಂಗಳ ಹಿಂದೆ ನಮ್ಮ ಪರಿಚಯದವರೊಬ್ಬರು ಬೆಂಗಳೂರಿನಿಂದ ಹಡಗಿನಲ್ಲಿ ಮನೆ ಸಾಮಾನು ತರಿಸಿಕೊಂಡಾಗ ಅದರ ಜೊತೆ ನನ್ನ ತಂಗಿಗೆಂದು ಒಂದು ವೆಟ್ ಗ್ರೈಂಡರ್ ಬಂದಿತ್ತು. ಕಲ್ಲಿನದು, ದೊಡ್ಡದು, ಮರದ ಪಟ್ಟಿ ಹೊಡೆದ ಪೆಟ್ಟಿಗೆಯಲ್ಲಿ. ಮೆಲ್ಬರ್ನಿಗೆ ಹೋಗುವವರ ಕೈಲಿ ಕಳಿಸೋಣ ಎಂದುಕೊಂಡು ನಮ್ಮ ಗ್ಯಾರೇಜಿನಲ್ಲಿ ಇಳಿಸಿಕೊಂಡಿದ್ದೆವು. ವಿಮಾನದಲ್ಲಿ ಹೋಗುವ ಯಾರೂ ಅದನ್ನು ನೋಡಿ ಹೂಂ ಅನ್ನಲಿಲ್ಲ. ಪ್ರತಿ ಭಾನುವಾರ ತಂಗಿ ಫೋನಿನಲ್ಲಿ ಕೇಳುತ್ತಿದ್ದಳು: "ಏನಣ್ಣಾ, ನನ್ನ ಗ್ರೈಂಡರ್ ನಿಮ್ಮ ಗ್ಯಾರೇಜಲ್ಲಿ ಪಿಆರ್ ತಗೊಂಡ್ಬಿಡ್ತಾ?"

ಕಾರಿನಲ್ಲಿ ಹೋಗೋಣ ಎಂಬ ಯೋಚನೆ ನನಗೆ ಬಂದದ್ದು ಗಾಳಿಯ ಭಯದಿಂದಲೋ ಗ್ರೈಂಡರಿನಿಂದಲೋ? ನಾನು ಇದನ್ನು ಎಷ್ಟು ಸಲ ಕೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಗಾಳಿ ಮೊದಲು ಬಂತು ಎಂದು ಆಣೆ ಮಾಡಿ ಹೇಳಬಲ್ಲೆ. ಆದರೆ ಗ್ರೈಂಡರ್ ತುಂಬ ಹಿಂದೆ ಇರಲಿಲ್ಲ. ಹೇಗೂ ಹೋಗುತ್ತೇವಲ್ಲ ಎಂಬ ಮಾತಿದೆಯಲ್ಲ, ನಮ್ಮವರು ಅದರ ಬಾಲಕ್ಕೆ ಏನು ಬೇಕಾದರೂ ಕಟ್ಟಿಬಿಡುತ್ತೇವೆ. ಆಸ್ಪತ್ರೆಯಲ್ಲಿರುವವರನ್ನು ನೋಡಲು ಹೋಗುವಾಗಲೂ ಪಕ್ಕದ ಬೀದಿಯವರ ಟಿಫನ್ ಕ್ಯಾರಿಯರ್ ವಾಪಸು ಕೊಟ್ಟು ಬರುವ ಜನ ನಾವು.

ಬುಧವಾರ ಬೆಳಿಗ್ಗೆ ಆರು ಗಂಟೆಗೆ ಕಾರು ತುಂಬಿದೆ. ಡಿಕ್ಕಿಯಲ್ಲಿ ಅವನ ಎರಡು ಸೂಟ್‌ಕೇಸ್; ಆರಿಸಿದರೆ ಅವನು ಅಲ್ಲೇ ಉಳಿಯುವವನು. ಮಿಕ್ಕ ಜಾಗಕ್ಕೆ ನನ್ನ ಚಿಂತೆಗಳು: ನೀರಿನ ಎರಡು ಕ್ಯಾನು, ಬ್ಯಾಟರಿಗೆ ಕೇಬಲ್ಲು, ಕಂಬಳಿ, ಬೆಂಕಿ ಆರಿಸುವ ಸಿಲಿಂಡರು. ಹಿಂದಿನ ಸೀಟಿನ ಮೇಲೆ ತಂಗಿಗೆ ಹೆಂಡತಿ ಕಟ್ಟಿಕೊಟ್ಟ ಹಪ್ಪಳ, ಹುಳಿಪುಡಿ, ಅಲುಗಾಡದಂತೆ ಬೆಲ್ಟ್ ಹಾಕಿದ ಉಪ್ಪಿನಕಾಯಿ ಭರಣಿ. ಗ್ರೈಂಡರನ್ನು ಮಲಗಿಸಬಾರದು, ನೆಟ್ಟಗೇ ಇರಬೇಕು ಎಂದು ತಂಗಿ ಹೇಳಿದ್ದಳು. ಅದನ್ನು ಎಡಗಡೆಯ ಮುಂದಿನ ಸೀಟಿನ ಹಿಂದೆ, ಕಾಲಿಡುವ ಜಾಗದಲ್ಲಿ ಇಳಿಸಿ, ಸೀಟನ್ನು ಮುಂದಕ್ಕೆ ಸರಿಸಿ ಅದಕ್ಕೆ ಒತ್ತಿಸಿ ನಿಲ್ಲಿಸಿದೆ. ಬಿಗಿಯಾಗಿ ಕೂತಿತು. ನನಗೆ ಸಮಾಧಾನವಾಯಿತು.

ಅವನು ಬಂದು ಕಾರನ್ನು ಒಂದು ಸುತ್ತು ನೋಡಿದ. ಆಮೇಲೆ ಕೊಡೆ ಮಡಚಿದ ಹಾಗೆ ತನ್ನನ್ನು ತಾನೇ ಮಡಚಿಕೊಂಡು ಒಳಗೆ ಕೂತ. ಅವನ ಮಂಡಿಗಳು ಮುಂದಿನ ಡ್ಯಾಶ್‌ಬೋರ್ಡಿಗೆ ತಾಗಿದ್ದವು.

ಎರಡು ಗಂಟೆ ಕಳೆದು ಗೌಲ್ಬರ್ನ್ ಹತ್ತಿರ ಬಂದಾಗ ಅವನು ಕೇಳಿದ: "ಸರ್, ಈ ಸೀಟು ಸ್ವಲ್ಪ ಹಿಂದಕ್ಕೆ ಹೋಗತ್ತಾ?"

ಆಗ ನಾನು ಮಾಡಬೇಕಿದ್ದದ್ದು ಸುಲಭ. ಕಾರು ನಿಲ್ಲಿಸಿ, ಗ್ರೈಂಡರನ್ನು ಇಳಿಸಿ, ಇನ್ನೊಂದು ಬದಿಗೆ, ನನ್ನ ಸೀಟಿನ ಹಿಂದೆ ಇಡುವುದು. ನಾನು ಐದಡಿ ಐದಿಂಚಿನವನು. ಸ್ಟೀರಿಂಗಿಗೆ ಅಂಟಿಕೊಂಡು ಓಡಿಸುತ್ತೇನೆ. ನನ್ನ ಹಿಂದೆ ಎರಡು ಗ್ರೈಂಡರಿಗೆ ಆಗುವಷ್ಟು ಜಾಗವಿತ್ತು. ಅದನ್ನು ಬೆಳಿಗ್ಗೆ ತುಂಬುವಾಗಲೇ ನೋಡಿದ್ದೆ. ನೋಡಿ, ಜೋರಾಗಿ ಬ್ರೇಕ್ ಹಾಕಿದರೆ ಆ ಕಲ್ಲು ಮುಂದೆ ಸರಿದು ನನ್ನ ಬೆನ್ನುಹುರಿಗೆ ಬಡಿಯುವ ಚಿತ್ರ ಕಣ್ಣಿಗೆ ಕಟ್ಟಿ, ಎಡಗಡೆಗೆ ಇಟ್ಟಿದ್ದೆ. ಎಡಗಡೆ ಕೂರುವವನಿಗೂ ಒಂದು ಬೆನ್ನುಹುರಿ ಇದೆ ಎಂಬುದು ಹೊಳೆದಿರಲಿಲ್ಲ ಎಂದಲ್ಲ. ಹೊಳೆದು, ಅವನು ಅಥ್ಲೀಟ್ ಎಂದುಕೊಂಡಿದ್ದೆ. ಇದನ್ನು ಹೆಂಡತಿಗೂ ಹೇಳಿಲ್ಲ, ಇಲ್ಲೇ ಮೊದಲು ಬರೆಯುತ್ತಿರುವುದು.

"ಇಷ್ಟೇ ಹೋಗೋದು," ಎಂದೆ. "ಹಳೇ ಕಾರು ನೋಡು."

"ಪರವಾಗಿಲ್ಲ ಸರ್."

ಗುಂಡಗಾಯ್ ಬಳಿ ನಿಲ್ಲಿಸಿ ಪುಳಿಯೋಗರೆ ತಿಂದೆವು. ಅವನು ತಟ್ಟೆ ಹಿಡಿದು ನಿಂತೇ ತಿಂದ, ಮಂಡಿಯನ್ನು ಆಗಾಗ ನೀವಿಕೊಳ್ಳುತ್ತ. ನಾನು ಅದನ್ನು ನೋಡಿದೆ; ನೋಡಿ, ಮುಂದೆ ರಸ್ತೆ ರಿಪೇರಿ ಇದ್ದರೆ ಲೇಟಾಗಬಹುದು ಎಂದು ಬೇಗ ಹೊರಡಿಸಿದೆ. ಚಿಂತೆ ಮಾಡುವವನ ಹಣೆಬರಹ ಇದು. ನೂರಾರು ಮೈಲಿ ಆಚೆಯ ರಸ್ತೆ ರಿಪೇರಿ ಕಾಣುತ್ತದೆ, ಪಕ್ಕದಲ್ಲಿ ನಿಂತವನ ಕಾಲು ಕಾಣುವುದಿಲ್ಲ.

ಸಂಜೆ ಐದೂವರೆಗೆ ಕ್ಲೈಡ್ ನಾರ್ತ್ ಮುಟ್ಟಿದೆವು. ಒಂದೇ ಥರದ ಹೊಸ ಮನೆಗಳ ಸಾಲು, ಇನ್ನೂ ಬೆಳೆಯದ ಗಿಡಗಳು, ಬಾಗಿಲಲ್ಲಿ ರಂಗೋಲಿ ಇರುವುದೇ ತಂಗಿಯ ಮನೆ ಎಂದು ಗುರುತು. ಅವನು ಎಡಗಾಲು ಇಳಿಸಿದ, ಆಮೇಲೆ ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ತಂದ. ಕಾರಿನ ಬಾಗಿಲು ಹಿಡಿದುಕೊಂಡು ಒಂದು ನಿಮಿಷ ಹಾಗೇ ನಿಂತ. ನನ್ನ ತಂಗಿ ಓಡಿ ಬಂದಳು. ಮೊದಲು ನೋಡಿದ್ದು ನನ್ನನ್ನಲ್ಲ.

"ಬಂತಾ ಅಣ್ಣಾ ನನ್ನ ಗ್ರೈಂಡರು?"

ನಾನೂ ತಂಗಿಯ ಗಂಡನೂ ಪೆಟ್ಟಿಗೆಯ ಎರಡು ಕಡೆ ಹಿಡಿದು, ನೀನು ಎತ್ತು ನಾನು ಎತ್ತುತ್ತೇನೆ ಎಂದು ಸರ್ಕಸ್ ಮಾಡುತ್ತಿದ್ದಾಗ ಅವನು ನಮ್ಮಿಬ್ಬರನ್ನೂ ಮೆಲ್ಲಗೆ ಸರಿಸಿ, ಅದನ್ನು ಎದೆಗವಚಿಕೊಂಡು ಕುಂಟುತ್ತ ಒಳಗೆ ತಂದಿಟ್ಟ.

"ನೋಡ್ರೀ, ಎಷ್ಟು ಸಲೀಸಾಗಿ ಎತ್ತಿದ," ಎಂದು ತಂಗಿ ಗಂಡನಿಗೆ ಹೇಳಿದಳು. "ನೀವಿಬ್ರೂ ಇದೀರ."

ಊಟವಾದಮೇಲೆ ನಾನು ಅವಳ ಫ್ರೀಜರ್ ತೆಗೆದು ತೆಂಗಿನತುರಿಯ ಪ್ಯಾಕೆಟ್ ಹುಡುಕಿದೆ. ಸಿಕ್ಕಿತು. ಮಂಡಿ ಮೇ ತಿಂಗಳಿಗಿಂತ ದೊಡ್ಡದಾಗಿತ್ತು. ಅವನು ಪ್ಯಾಕೆಟ್ ಇಸಿದುಕೊಂಡು, "ಬೆಳಿಗ್ಗೆಗೆ ಸರಿಹೋಗತ್ತೆ ಸರ್" ಎಂದ. ನಾನೂ ಸರಿಹೋಗತ್ತೆ ಎಂದೆ. ಆ ಮನೆಯಲ್ಲಿ ಅದನ್ನು ನಂಬದವರು ಇಬ್ಬರೇ ಇದ್ದೆವು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಅವನನ್ನು ಆ ತಂಡದ ಅಭ್ಯಾಸದ ಒಳಾಂಗಣಕ್ಕೆ ಬಿಟ್ಟೆ. ನನ್ನನ್ನು ಒಳಗೆ ಬಿಡಲಿಲ್ಲ. ಗಾಜಿನ ಬಾಗಿಲ ಹೊರಗೆ ನಿಂತು ನೋಡಿದೆ. ಮಗಳ ದಯೆಯಿಂದ ಎಷ್ಟೋ ಶನಿವಾರ ಗಡಿಯಾರದ ಮುಂದೆ ಕೂತವನು. ಆಟ ಅಷ್ಟೇನೂ ತಿಳಿಯದಿದ್ದರೂ ಅವನ ಆಟ ಗೊತ್ತಿತ್ತು. ಎಡಕ್ಕೆ ಹೋಗುವಂತೆ ತೋರಿಸಿ ಬಲಗಾಲಿನ ಮೇಲೆ ಚಿಮ್ಮಿ ಮೇಲೆದ್ದರೆ, ಕೆಲ್ಲಿವಿಲ್‌ನ ಮಕ್ಕಳೆಲ್ಲ ಬಾಯಿ ತೆರೆದು ನೋಡುತ್ತಿದ್ದರು. ಆ ದಿನ ಅವನು ಎಡಕ್ಕೆ ತೋರಿಸಿದ. ಬಲಗಾಲು ಊರಿದ. ಏಳಲಿಲ್ಲ. ಎದ್ದ, ಆದರೆ ಎಲ್ಲರೂ ಏಳುವಷ್ಟೇ ಎದ್ದ. ಇಪ್ಪತ್ತರ ಒಬ್ಬ ಹುಡುಗ ಚೆಂಡನ್ನು ಅವನ ಕೈಯಿಂದ ಹಣ್ಣು ಕಿತ್ತಂತೆ ಕಿತ್ತುಕೊಂಡು ಹೋದ. ಇನ್ನೊಂದು ಸಲವೂ ಹಾಗೇ ಆಯಿತು. ಮೂರನೇ ಸಲ ಅವನು ಬಲಗಾಲನ್ನು ಬಿಟ್ಟು ಎಡಗಾಲಿನಲ್ಲೇ ಇಳಿದ. ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದವರು ಬರೆಯುವುದನ್ನು ನಿಲ್ಲಿಸಿದರು.

ಮುಕ್ಕಾಲು ಗಂಟೆಗೆ ಕೋಚ್ ಬಂದು ಅವನ ಹೆಗಲ ಮೇಲೆ ಕೈಯಿಟ್ಟು ಮಾತಾಡಿದರು. ಆಯ್ಕೆಯಾದವರ ಕೈಗೆ ಕಾಗದ ಕೊಡುತ್ತಾರೆ. ಹೆಗಲ ಮೇಲೆ ಕೈ ಬರುವುದು ಮಿಕ್ಕವರಿಗೆ. ಅದು ನಮ್ಮ ಆಫೀಸಿನಲ್ಲೂ ಹಾಗೇ.

ಅವನು ಹೊರಗೆ ಬಂದು, "ಮುಗೀತು ಸರ್" ಎಂದ. ನಾನು ಕಾರಿನ ಕೀಲಿ ಹುಡುಕಿದೆ, ಅದು ಕೈಯಲ್ಲೇ ಇತ್ತು.

ಶುಕ್ರವಾರ ಬೆಳಿಗ್ಗೆ ವಾಪಸು ಹೊರಟೆವು. ತಂಗಿ ಹೊಸ ಗ್ರೈಂಡರಿನಲ್ಲಿ ರುಬ್ಬಿದ ಹಿಟ್ಟಿನ ಇಡ್ಲಿ ಕಟ್ಟಿಕೊಟ್ಟಿದ್ದಳು. ಅವನು ಮುಂದಿನ ಸೀಟಿನಲ್ಲಿ ಕೂತು, ಅಭ್ಯಾಸಬಲದಿಂದ ಸೀಟಿನ ಅಡಿಯ ಹಿಡಿ ಎತ್ತಿದ. ಸೀಟು ಸರ್ರನೆ ಹಿಂದಕ್ಕೆ ಜಾರಿ, ತನ್ನ ಹಳಿಯ ಕೊನೆಗೆ ಹೋಗಿ ಟಕ್ ಎಂದು ನಿಂತಿತು. ಅವನ ಮಂಡಿಗಳ ಮುಂದೆ ಒಂದು ಮಗು ಕೂರುವಷ್ಟು ಜಾಗ ಬಿತ್ತು. ಅವನು ತಿರುಗಿ ಹಿಂದೆ ಖಾಲಿಯಿದ್ದ ಜಾಗ ನೋಡಿದ. ಆಮೇಲೆ ನನ್ನನ್ನು ನೋಡಿದ.

"ಓ," ಎಂದ. "ಹೋಗತ್ತೆ ಇದು."

ಆ ಕ್ಷಣಕ್ಕೆ ಬೇಕಾದ ಮಾತುಗಳೆಲ್ಲ ನನ್ನ ಬಳಿ ಇದ್ದವು. ಅವುಗಳಲ್ಲಿ ನಾನು ಆರಿಸಿದ್ದು ಇದು: "ಹೌದಲ್ಲ, ಸರಿಹೋಯ್ತು ಅನ್ಸತ್ತೆ."

ತಾನಾಗಿಯೇ ರಿಪೇರಿಯಾಗುವ ಕಾರು. ಅವನು ತಲೆಯಾಡಿಸಿ ಕಾಲು ಚಾಚಿದ. ಗೌಲ್ಬರ್ನ್ ದಾಟಿದ ಮೇಲೆ ಅವನು ಕಿಟಕಿಯ ಆಚೆ ನೋಡುತ್ತ ಹೇಳಿದ: "ಹನ್ನೊಂದು ವರ್ಷದಲ್ಲಿ ಎಷ್ಟೋ ಟ್ರಯಲ್‌ಗೆ ಹೋಗಿದೀನಿ ಸರ್. ಯಾರೂ ನನ್ನನ್ನ ಕಾರಲ್ಲಿ ಕರ್ಕೊಂಡು ಹೋಗಿರಲಿಲ್ಲ. ಥ್ಯಾಂಕ್ಯೂ." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಎಂಟು ದಿನದ ಮೇಲೆ ಅವನು ಊರಿಗೆ ಹೋದ. ಆಮೇಲೆ ಎಲ್ಲೂ ಆಡಲಿಲ್ಲ. ಈಗ ತನ್ನ ಊರಿನ ಸ್ಕೂಲಿನಲ್ಲಿ ಹುಡುಗಿಯರ ತಂಡಕ್ಕೆ ಕೋಚ್. ಮಂಡಿಗೆ ಆಪರೇಷನ್ ಆಗಿದೆ. ನಮ್ಮ ಫ್ರೀಜರಿನ ತಳದಲ್ಲಿ 'ಮಂಡಿ' ಪ್ಯಾಕೆಟ್ಟುಗಳು ಹಾಗೇ ಇದ್ದವು. ಬಿಸಾಡೋಣ ಎಂದು ಹೆಂಡತಿ ಕೇಳಿದಾಗಲೆಲ್ಲ ಇರಲಿ ಬಿಡು ಎನ್ನುತ್ತಿದ್ದೆ. ಎರಡು ವರ್ಷ ಅವನಿಗೆ ಕ್ಷಮೆ ಕೇಳುವ ಮೆಸೇಜ್ ಬರೆದು ಬರೆದು ಅಳಿಸಿದೆ. ಬರೆದದ್ದರಲ್ಲಿ ಎಲ್ಲೆಲ್ಲಿ ತಪ್ಪಾಗಬಹುದು ಎಂದು ಹುಡುಕುವುದು ನನ್ನ ವೃತ್ತಿ, ಹಾಗಾಗಿ ಒಂದೂ ಹೋಗಲಿಲ್ಲ.

ಹೋದ ತಿಂಗಳು, ಒಂದು ಶನಿವಾರ ಬೆಳಿಗ್ಗೆ, ಅವನೇ ವಿಡಿಯೊ ಕಾಲ್ ಮಾಡಿದ. ಮಗಳ ಜೊತೆ ಮಾತಾಡಿ, ಹೆಂಡತಿಗೆ ಮ್ಯಾಮ್ ಎಂದು, ಕೊನೆಗೆ ಫೋನು ನನ್ನ ಕೈಗೆ ಬಂತು. ನಾನು ಎದ್ದು ಗ್ಯಾರೇಜಿಗೆ ಹೋದೆ. ಕಾರಿನ ಪಕ್ಕ ನಿಂತು, ತಡವರಿಸಿಕೊಂಡು ಹೇಳಿದೆ: "ಅವತ್ತು ಸೀಟಿನ ವಿಷಯ ಸುಳ್ಳು ಹೇಳಿದೆ. ಆ ಪೆಟ್ಟಿಗೇನ ನನ್ನ ಸೀಟಿನ ಹಿಂದೆ ಇಡಬಹುದಿತ್ತು. ಜಾಗ ಇತ್ತು."

ಅವನ ಹಿಂದೆ ಯಾರೋ ಚೆಂಡು ಪುಟಿಸುವ ಸದ್ದು ಕೇಳುತ್ತಿತ್ತು.

"ಗೊತ್ತು ಸರ್. ನಿಮ್ಮ ಮನೆ ಮುಂದೆ ಕಾರು ಹತ್ತೋ ಮೊದಲೇ ನೋಡಿದ್ದೆ. ಖಾಲಿ ಜಾಗ ಎಲ್ಲಿದೆ ಅಂತ ನೋಡೋದೇ ನನ್ನ ಕೆಲಸ ಆಗಿತ್ತಲ್ಲ."

"ಮತ್ತೆ ಯಾಕೆ ಹೇಳಲಿಲ್ಲ?"

"ಕೇಳಿದೆನಲ್ಲ ಸರ್, ಒಂದು ಸಲ." ಅವನು ನಕ್ಕ, ಬೇಸರವಿಲ್ಲದೆ. "ಬೇರೆಯವರ ದೇಶದಲ್ಲಿ, ಬೇರೆಯವರ ಮನೇಲಿ ಇರೋನು ಒಂದು ಸಲ ಕೇಳಬಹುದು. ಎರಡನೇ ಸಲ ಕೇಳಿದ್ರೆ ಇವನು ತಕರಾರಿನವನು ಅಂತಾರೆ. ಹನ್ನೊಂದು ವರ್ಷ ಹಾಗೇ ಉಳಿದುಕೊಂಡೆ."

ಆ ಕಾರಿನಿಂದಲೇ ಮಂಡಿ ಹೋಯಿತೇ, ಇಲ್ಲದಿದ್ದರೂ ಹೋಗುತ್ತಿತ್ತೇ ಎಂದು ಕೇಳಬೇಕೆಂದಿದ್ದೆ. ಅವನು ಕೊಡಬಹುದಾದ ಎರಡು ಉತ್ತರಗಳಲ್ಲಿ ಒಂದು ನಿಜ, ಒಂದು ದಯೆ. ಯಾವುದು ಯಾವುದೆಂದು ನನಗೆ ತಿಳಿಯುತ್ತಿರಲಿಲ್ಲ. ಕೇಳಲಿಲ್ಲ. ಸಾರಿ ಎಂದೆ. ಅದನ್ನು ಮಾತ್ರ ಎರಡು ಸಲ ಹೇಳಿದೆ.

"ಆ ಮಷೀನು ಹೇಗಿದೆ ಸರ್?" ಎಂದು ಅವನೇ ಮಾತು ತಿರುಗಿಸಿದ.

"ಚೆನ್ನಾಗಿದೆ. ಪ್ರತಿ ಭಾನುವಾರ ರುಬ್ಬತ್ತೆ."

"ಹಾಗಾದ್ರೆ ಮೆಲ್ಬರ್ನಿಗೆ ಅದಾದರೂ ಸೆಲೆಕ್ಟ್ ಆಯ್ತಲ್ಲ," ಎಂದ.

ಫೋನಿಟ್ಟ ಮೇಲೆ ಸುಮಾರು ಹೊತ್ತು ಗ್ಯಾರೇಜಿನಲ್ಲೇ ಇದ್ದೆ. ಕಾರಿನ ಬಾಗಿಲು ತೆಗೆದು ಎಡಗಡೆ ಮುಂದಿನ ಸೀಟಿನಲ್ಲಿ ಕೂತು, ಅಡಿಯ ಹಿಡಿ ಎತ್ತಿ ಕೊನೆಯ ತನಕ ಹಿಂದಕ್ಕೆ ಹೋದೆ. ನನ್ನ ಕಾಲು ಎಲ್ಲಿಗೂ ಎಟುಕಲಿಲ್ಲ. ಅಡುಗೆಮನೆಯಿಂದ ಹೆಂಡತಿ ಕೂಗಿದಳು: "ಏನಂತ್ರೀ?"

"ಏನಿಲ್ಲ," ಎಂದೆ. "ಚೆನ್ನಾಗಿದಾನಂತೆ."